ಕಥೆ ಹೇಳುವವನ ಋಣ

ಕಥೆ ಕೇಳುವುದೆಂದರೆ ಒಬ್ಬರನ್ನು ನಂಬುವುದು. ಹೇಳುವವನು ಬಾಯಿ ತೆರೆದ ಕ್ಷಣದಿಂದ ಕೇಳುವವನು ತನ್ನ ಹೊತ್ತನ್ನೂ ಮನಸ್ಸನ್ನೂ ಅವನ ಕೈಗೆ ಒಪ್ಪಿಸಿಬಿಡುತ್ತಾನೆ. ಇಂದು ನಮ್ಮ ಮನೆಗಳಲ್ಲಿ ಹಿರಿಯರು ಕುಳಿತು ಕಥೆ ಹೇಳುತ್ತಿದ್ದ ಸ್ಥಾನದಲ್ಲಿ ಕಿರುತೆರೆ ಕುಳಿತಿದೆ. ರಾತ್ರಿಯ ಊಟದ ಹೊತ್ತಿಗೆ ಮನೆಮಂದಿಯೆಲ್ಲ ಅದರ ಮುಂದೆ ಸೇರುತ್ತಾರೆ. ಎಳೆಯರಾದರೆ ಕೈಯಲ್ಲಿನ ಫೋನಿನಲ್ಲಿಯೇ ದೇಶವಿದೇಶಗಳ ಧಾರಾವಾಹಿಗಳನ್ನು ನೋಡಿ ಮುಗಿಸುತ್ತಾರೆ. ಹೀಗಿರುವಾಗ ಆ ಕಥೆಗಳು ನಮ್ಮೊಡನೆ ಪ್ರಾಮಾಣಿಕವಾಗಿ ನಡೆದುಕೊಳ್ಳುತ್ತಿವೆಯೇ ಎಂದು ಕೇಳಿಕೊಳ್ಳುವುದು ಸಂಸಾರಸ್ಥರಿಗೆ ಸಲ್ಲದ ವಿಚಾರವೇನೂ ಅಲ್ಲ.

ನಾನು ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು. ಆ ಕಾರಣದಿಂದಲೋ ಏನೋ, ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಮೋಹ. ಆಕಾಶನೌಕೆ, ಅನ್ಯಗ್ರಹದ ಜೀವಿಗಳು, ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ ಯಂತ್ರ, ಇವೆಲ್ಲ ಮಕ್ಕಳಾಟಿಕೆಯೆಂದು ಬಂಧುಗಳು ನಕ್ಕದ್ದುಂಟು. ಆದರೆ ಈ ಬಗೆಯ ಕಥೆಗೊಂದು ಬಿಗಿಯಾದ ಕಟ್ಟುಪಾಡಿದೆ. ಅದು ತನ್ನ ಲೋಕದ ನಿಯಮಗಳನ್ನು ತಾನೇ ರಚಿಸಿಕೊಳ್ಳುತ್ತದೆ. ರಚಿಸಿಕೊಂಡ ಮೇಲೆ ಅವುಗಳಿಗೆ ತಾನೇ ಬದ್ಧವಾಗಿರಬೇಕಾಗುತ್ತದೆ. ಆ ನಿಯಮ ತಪ್ಪಿದಲ್ಲಿ ಕಥೆಯ ಗೋಡೆಯಲ್ಲಿ ಬಿರುಕು ಕಾಣಿಸುತ್ತದೆ. ಇಂತಹ ಬಿರುಕುಗಳನ್ನೂ, ನೋಡಿದವರನ್ನು ನಿರಾಸೆಗೊಳಿಸುವ ಮುಕ್ತಾಯಗಳನ್ನೂ ಕುರಿತು ಬಹುಕಾಲದಿಂದ ಮನಸ್ಸಿನಲ್ಲಿದ್ದ ನಾಲ್ಕು ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ಸಣ್ಣ ಬಿರುಕುಗಳ ಮಾತು. 1966ರಲ್ಲಿ ಅಮೆರಿಕದಲ್ಲಿ ಪ್ರಸಾರ ಆರಂಭಿಸಿದ 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನವೂ ಬಿತ್ತರಿಸಿತು. ಅದರಲ್ಲಿ 'ಎಂಟರ್‌ಪ್ರೈಸ್' ಎಂಬ ನೌಕೆಯ ಸಿಬ್ಬಂದಿ ಗ್ರಹಗಳಿಗೆ ಇಳಿಯುವುದು ಒಂದು ವಿಚಿತ್ರ ಯಂತ್ರದ ಮೂಲಕ. ಅದರ ವೇದಿಕೆಯ ಮೇಲೆ ನಿಂತರೆ ಸಾಕು, ದೇಹ ಮಿನುಗಿ ಮಾಯವಾಗಿ ಕೆಳಗಿನ ನೆಲದ ಮೇಲೆ ಮತ್ತೆ ಮೂಡುತ್ತದೆ. ಈ ಯಂತ್ರವನ್ನು ಹುಟ್ಟಿಸಿದ್ದು ಕೈಯಲ್ಲಿದ್ದ ಹಣದ ಕೊರತೆ. ವಾರವಾರವೂ ಅಷ್ಟು ದೊಡ್ಡ ನೌಕೆಯನ್ನು ಹೊಸ ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವ ವೆಚ್ಚ ನಿರ್ಮಾಪಕರಿಗೆ ಭರಿಸಲಾಗದಷ್ಟಿತ್ತು. ಮನುಷ್ಯರನ್ನು ಬೆಳಕಿನಂತೆ ಕಳುಹಿಸಿಬಿಟ್ಟರೆ ಅಗ್ಗವಾಗುತ್ತಿತ್ತು.

1966ರ ಅಕ್ಟೋಬರಿನಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಈ ಯಂತ್ರ ಕೆಟ್ಟುಹೋಗುತ್ತದೆ. ನೌಕೆಯ ನಾಯಕ ಕರ್ಕ್ ಒಳ್ಳೆಯವನೊಬ್ಬ, ಕೆಟ್ಟವನೊಬ್ಬ ಎಂದು ಇಬ್ಬರಾಗಿ ಸೀಳಿಹೋಗುತ್ತಾನೆ. ಅತ್ತ ಸೂಲೂ ಮತ್ತು ಅವನ ಸಂಗಡಿಗರು ಕೆಳಗಿನ ಗ್ರಹದ ಕೊರೆಯುವ ಚಳಿಯಲ್ಲಿ ಸಿಕ್ಕಿಬಿದ್ದು, ಆಯುಧದ ಕಿರಣದಿಂದ ಬಂಡೆಗಳನ್ನು ಕಾಯಿಸಿಕೊಂಡು ಜೀವ ಹಿಡಿದುಕೊಂಡಿರುತ್ತಾರೆ. ಮುಂದೆ ಎಷ್ಟೋ ವರ್ಷಗಳ ಮೇಲೆ ಈ ಕಂತನ್ನು ಮಗನೊಡನೆ ನೋಡುವಾಗ ಅವನು ಥಟ್ಟನೆ ಕೇಳಿದ: "ಅಪ್ಪಾ, ಆ ದೊಡ್ಡ ನೌಕೆಯೊಳಗೆ ಸಣ್ಣ ನೌಕೆಗಳೂ ಇವೆಯಲ್ಲ? ಒಂದನ್ನು ಕಳಿಸಿ ಅವರನ್ನು ಕರೆತರಬಾರದೇ?" ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಸರಳ: ಆ ಕಂತು ತಯಾರಾಗುವ ಹೊತ್ತಿಗೆ ಸಣ್ಣ ನೌಕೆಯೆಂಬುದು ಆ ಧಾರಾವಾಹಿಯಲ್ಲಿ ಇನ್ನೂ ಬಂದಿರಲಿಲ್ಲ. ಅದು ತೆರೆಗೆ ಬಂದದ್ದು ಕೆಲವು ಕಂತುಗಳ ನಂತರ.

ಇನ್ನೊಂದು ತಮಾಷೆಯೂ ಇದೆ. ಅರವತ್ತರ ದಶಕದಲ್ಲಿ ಕ್ಲಿಂಗಾನ್ ಎಂಬ ಅನ್ಯಗ್ರಹದವರ ಹಣೆ ನಮ್ಮ ನಿಮ್ಮ ಹಣೆಯಂತೆ ನುಣುಪಾಗಿತ್ತು. 1979ರ ಚಲನಚಿತ್ರದಲ್ಲಿ ಹಣ ಹೆಚ್ಚು ಸಿಕ್ಕಿ, ಪ್ರಸಾಧನ ಕಲೆಯೂ ಬೆಳೆದು, ಅವರ ಹಣೆಯ ಮೇಲೆ ಏಕಾಏಕಿ ಎಲುಬಿನ ಏಣುಗಳು ಎದ್ದವು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಅಭಿಮಾನಿಗಳು ವರ್ಷಾನುಗಟ್ಟಲೆ ತಲೆ ಕೆಡಿಸಿಕೊಂಡರು. 1996ರ ಒಂದು ಕಂತಿನಲ್ಲಿ ಕ್ಲಿಂಗಾನ್ ಪಾತ್ರವೊಂದನ್ನು ಜೊತೆಗಾರರು ಇದನ್ನೇ ಕೇಳಿದಾಗ, ಇದು ಹೊರಗಿನವರೊಡನೆ ನಾವು ಆಡುವ ಮಾತಲ್ಲ ಎಂದು ಆತ ಮುಖ ಬಿಗಿದುಕೊಂಡುಬಿಡುತ್ತಾನೆ! 2005ರಲ್ಲಿ ಮತ್ತೊಂದು ಸರಣಿಯವರು ಅದಕ್ಕೊಂದು ರೋಗದ ಕಾರಣ ಕಟ್ಟಿ ಬಿರುಕನ್ನು ಮುಚ್ಚಿದರು. ಇಂತಹ ಕೊರತೆಗಳನ್ನು ನೋಡುವವರು ನಕ್ಕು ಕ್ಷಮಿಸುತ್ತಾರೆ. ಬಡವರ ಮನೆಯ ಊಟದಲ್ಲಿ ಉಪ್ಪಿನಕಾಯಿ ಇರಲಿಲ್ಲವೆಂದು ಯಾರೂ ಮುನಿಸಿಕೊಳ್ಳುವುದಿಲ್ಲ; ಬಡಿಸುವ ಕೈ ಪ್ರೀತಿಯಿಂದ ಬಡಿಸಿದ್ದರೆ ಸಾಕು.

ಮನಸ್ಸನ್ನು ನೋಯಿಸುವ ಬಿರುಕುಗಳ ಬಗೆ ಬೇರೆ. 2004ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎ.ಬಿ.ಸಿ. ವಾಹಿನಿಯಲ್ಲಿ 'ಲಾಸ್ಟ್' ಎಂಬ ಧಾರಾವಾಹಿ ಆರಂಭವಾಯಿತು. ಆಗ ನನ್ನ ಮಗ ಉನ್ನತ ವ್ಯಾಸಂಗಕ್ಕೆಂದು ಆ ದೇಶಕ್ಕೆ ಹೋದ ಹೊಸದು. ಪರದೇಶದ ಒಂಟಿತನದಲ್ಲಿ ಅವನಿಗೆ ಆ ಧಾರಾವಾಹಿಯೇ ವಾರದ ಸಂಗಾತಿ. ಭಾನುವಾರ ಫೋನು ಮಾಡಿದಾಗ ತಾಯಿಯೊಡನೆ ಅಡುಗೆಯ ಮಾತು ಮುಗಿಸಿ, ನನ್ನೊಡನೆ ಆ ಕಥೆಯನ್ನು ಹಂಚಿಕೊಳ್ಳುತ್ತಿದ್ದ. ವಿಮಾನವೊಂದು ಒಡೆದು ದ್ವೀಪದ ಮೇಲೆ ಬೀಳುತ್ತದೆ. ಬದುಕುಳಿದವರಿಗೆ ಉಷ್ಣವಲಯದ ಆ ಕಾಡಿನಲ್ಲಿ ಹಿಮಕರಡಿ ಎದುರಾಗುತ್ತದೆ. ಕಪ್ಪು ಹೊಗೆಯೊಂದು ಮರಗಳನ್ನು ಕಿತ್ತೆಸೆಯುತ್ತ ಬಂದು ಮನುಷ್ಯರನ್ನು ಕೊಲ್ಲುತ್ತದೆ. 4, 8, 15, 16, 23, 42 ಎಂಬ ಆರು ಅಂಕೆಗಳು ಎಲ್ಲೆಂದರಲ್ಲಿ ಕಾಣಿಸಿಕೊಂಡು ಜನರಿಗೆ ಕೇಡು ತರುತ್ತವೆ. ಇದರ ಹಿಂದೆ ಏನಿದೆ ಎಂದು ತಂದೆ ಮಗ ಇಬ್ಬರೂ ದೂರವಾಣಿಯಲ್ಲಿಯೇ ತರ್ಕ ಹೂಡುತ್ತಿದ್ದೆವು.

ಆರು ಸರಣಿಗಳ ನಂತರ 2010ರ ಮೇ 23ರಂದು ಅದು ಮುಗಿಯಿತು. ಅಷ್ಟರಲ್ಲಿ ಮಗನ ವ್ಯಾಸಂಗ ಮುಗಿದು, ನೌಕರಿ ಹತ್ತಿ, ಮದುವೆಯೂ ಆಗಿತ್ತು. ಆ ವಾರ ಫೋನು ಮಾಡಿದವನ ಧ್ವನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು. "ಅಪ್ಪಾ, ಅವರು ಪ್ರಶ್ನೆ ಕೇಳಿದ್ದು ನಮ್ಮನ್ನು ಕೂರಿಸಿಕೊಳ್ಳುವುದಕ್ಕೆ ಮಾತ್ರ" ಎಂದ.

ನ್ಯಾಯವಾಗಿ ನೋಡಿದರೆ ಆ ಧಾರಾವಾಹಿ ಎಲ್ಲ ಪ್ರಶ್ನೆಗಳನ್ನೂ ಕೈಬಿಟ್ಟಿರಲಿಲ್ಲ. ಹಿಮಕರಡಿಗಳನ್ನು ಸಂಶೋಧಕರ ತಂಡವೊಂದು ಪ್ರಯೋಗಕ್ಕೆಂದು ದ್ವೀಪಕ್ಕೆ ತಂದಿತ್ತೆಂದು ಅದು ತಿಳಿಸುತ್ತದೆ. ಎಲ್ಲರೂ ಮೊದಲ ದಿನವೇ ಸತ್ತಿದ್ದರೆಂದು ಬಹಳ ಜನ ಇಂದಿಗೂ ಭಾವಿಸಿದ್ದಾರೆ, ಅದು ಸರಿಯಲ್ಲ. ದ್ವೀಪದಲ್ಲಿ ನಡೆದುದೆಲ್ಲ ನಿಜವಾಗಿಯೇ ನಡೆದದ್ದು. ಕೊನೆಯ ಸರಣಿಯಲ್ಲಿ ಪಕ್ಕದ ಲೋಕವೆಂಬಂತೆ ತೋರಿದ್ದು ಮಾತ್ರ, ಅವರೆಲ್ಲ ತಂತಮ್ಮ ಕಾಲಕ್ಕೆ ತೀರಿಕೊಂಡ ಮೇಲೆ ಒಬ್ಬರನ್ನೊಬ್ಬರು ಕಾಣುವ ಎಡೆ. ಕೊನೆಯ ಕಂತಿನಲ್ಲಿ ನಾಯಕನ ತಂದೆ ಇದನ್ನು ಬಾಯಿಬಿಟ್ಟು ಹೇಳುತ್ತಾನೆ. ಆದರೆ ವಾಹಿನಿಯವರು ಕಲಾವಿದರ ಹೆಸರುಗಳು ಬರುವಾಗ ಬರಿದಾದ ಕಡಲತಡಿಯ ಮೇಲೆ ಬಿದ್ದ ವಿಮಾನದ ಅವಶೇಷಗಳ ದೃಶ್ಯಗಳನ್ನು ಸೇರಿಸಿದರು. ಮುಂದಿನ ವಾರ್ತೆಗೆ ಮನಸ್ಸು ನಿಧಾನವಾಗಿ ಹೊರಳಲೆಂದು ಮಾಡಿದ ಆ ಕೆಲಸವೇ, ಯಾರೂ ಬದುಕಿರಲಿಲ್ಲವೆಂಬ ತಪ್ಪು ತಿಳಿವಳಿಕೆಗೆ ಇಂಬುಗೊಟ್ಟಿತು.

ಹಾಗಾದರೆ ಮಗನ ಬೇಸರಕ್ಕೆ ಅರ್ಥವಿರಲಿಲ್ಲವೇ? ಇತ್ತು. ಮೊದಲ ಸರಣಿಯಲ್ಲಿ ವಾಲ್ಟ್ ಎಂಬ ಹತ್ತು ವರ್ಷದ ಹುಡುಗನಿದ್ದಾನೆ. ಅವನಲ್ಲಿ ಅಸಾಧಾರಣ ಶಕ್ತಿಯಿದೆಯೆಂದು ಕಥೆ ಮತ್ತೆ ಮತ್ತೆ ಸೂಚಿಸುತ್ತದೆ. ಅವನನ್ನು ಅಪಹರಿಸುತ್ತಾರೆ, ಅವನಿಗಾಗಿ ತಂದೆ ಕೊಲೆಯನ್ನೂ ಮಾಡುತ್ತಾನೆ. ಆದರೆ ಕಥೆಯಲ್ಲಿ ಕೆಲವೇ ವಾರಗಳು ಕಳೆಯುವಷ್ಟರಲ್ಲಿ ಆ ಪಾತ್ರ ವಹಿಸಿದ ಬಾಲಕ ನಿಜಜೀವನದಲ್ಲಿ ಮಾರುದ್ದ ಬೆಳೆದುಬಿಟ್ಟಿದ್ದ. ಹುಡುಗನನ್ನು ದ್ವೀಪದಿಂದ ಕಳುಹಿಸಿ, ಅವನ ಶಕ್ತಿಯ ಮಾತನ್ನೂ ಅವನೊಡನೆಯೇ ಕಳುಹಿಸಿಬಿಟ್ಟರು. ಆ ಆರು ಅಂಕೆಗಳು ಆರು ಜನರಿಗೆ ಹಚ್ಚಿದ ಕ್ರಮಾಂಕಗಳೆಂದು ಕೊನೆಗೆ ತಿಳಿಯಿತಾದರೂ, ಅವೇ ಅಂಕೆಗಳು ಜಗತ್ತಿನ ಮೂಲೆಮೂಲೆಯಲ್ಲಿ ಕೇಡು ತಂದದ್ದೇಕೆ ಎಂಬುದು ಧಾರಾವಾಹಿಯಲ್ಲಿ ಬಗೆಹರಿಯಲೇ ಇಲ್ಲ.

ಈ ದೋಷದ ಬೇರು ವ್ಯವಹಾರದಲ್ಲಿದೆ. ಅಮೆರಿಕದ ವಾಹಿನಿಗಳಲ್ಲಿ ಯಶಸ್ವಿಯಾದ ಧಾರಾವಾಹಿಯನ್ನು ಜಾಹೀರಾತಿನ ಹಣ ಬರುವ ತನಕ ಎಳೆಯುವುದು ರೂಢಿ. ದಾರಿ ಎಷ್ಟು ದೂರವೆಂದು ತಿಳಿಯದ ಪಯಣಿಗ ಬುತ್ತಿಯನ್ನು ಹೇಗೆ ಹಂಚಿಕೊಂಡಾನು? ಬೇಗ ಉಂಡರೆ ಮುಂದೆ ಉಪವಾಸ, ಉಳಿಸಿಕೊಂಡರೆ ಇಂದೇ ಹಸಿವು. 'ಲಾಸ್ಟ್'ನ ಲೇಖಕರು ಹಟ ಹಿಡಿದು ಬೇಡಿಕೊಂಡ ಮೇಲೆ 2007ರ ಮೇ ತಿಂಗಳಲ್ಲಿ ವಾಹಿನಿಯವರು ಇನ್ನು 48 ಕಂತುಗಳಲ್ಲಿ, 2010ಕ್ಕೆ ಕಥೆ ಮುಗಿಯುವುದೆಂದು ಘೋಷಿಸಿದರು. ಅಷ್ಟರಲ್ಲಿ ಮೂರು ಸರಣಿಗಳು ಕಳೆದಿದ್ದವು. ಎಸೆದ ಪ್ರಶ್ನೆಗಳನ್ನೆಲ್ಲ ಮರಳಿ ಆಯ್ದುಕೊಳ್ಳಲು ಕಾಲ ಮೀರಿತ್ತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನಮಗೆ ಹಿಡಿಸದ ಮುಕ್ತಾಯಗಳೆಲ್ಲವೂ ಅಪ್ರಾಮಾಣಿಕವಲ್ಲ. 1967ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಮರುವರ್ಷ ಮುಗಿದ 'ದಿ ಪ್ರಿಸನರ್' ಧಾರಾವಾಹಿಯಲ್ಲಿ ರಾಜೀನಾಮೆ ಕೊಟ್ಟ ಗೂಢಚಾರನೊಬ್ಬನನ್ನು ಅಜ್ಞಾತವಾದ ಒಂದು ಹಳ್ಳಿಯಲ್ಲಿ ಸೆರೆಯಿಡುತ್ತಾರೆ. ಅಲ್ಲಿ ಯಾರಿಗೂ ಹೆಸರಿಲ್ಲ, ಅಂಕೆ ಮಾತ್ರ. ಇವನು ಆರನೆಯವನು, ಒಂದನೆಯವನು ಯಾರೆಂಬುದೇ ಕುತೂಹಲ. ಹದಿನೇಳನೆಯ, ಕೊನೆಯ ಕಂತಿನಲ್ಲಿ ಒಂದನೆಯವನ ಮುಖವಾಡ ಕಿತ್ತರೆ ಒಳಗೆ ಕೋತಿಯ ಮುಖವಾಡ; ಅದನ್ನೂ ಕಿತ್ತರೆ ನಾಯಕನದೇ ಮುಖ! ನೋಡಿದವರು ಕೆರಳಿದರು. ಆದರೆ ನಾಯಕನ ಪಾತ್ರ ವಹಿಸಿ, ಆ ಕಂತನ್ನು ತಾನೇ ಬರೆದು ನಿರ್ದೇಶಿಸಿದ ಪ್ಯಾಟ್ರಿಕ್ ಮೆಕ್‌ಗೂಹನ್ ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲ. ಮನುಷ್ಯನ ಸೆರೆಗಾರ ಅವನೊಳಗೇ ಇದ್ದಾನೆಂಬ ಅರ್ಥ ಅದರಿಂದ ಹೊರಡುತ್ತದೆ. ಉತ್ತರ ಕಹಿಯಾಗಿರಬಹುದು, ಆದರೆ ಅದು ಉತ್ತರವೇ.

ಇದಕ್ಕೆ ವ್ಯತಿರಿಕ್ತವಾದದ್ದು 2001ರಿಂದ 2005ರ ವರೆಗೆ ನಡೆದ 'ಸ್ಟಾರ್ ಟ್ರೆಕ್: ಎಂಟರ್‌ಪ್ರೈಸ್' ಸರಣಿಯ ಕೊನೆ. ನಾಲ್ಕು ವರ್ಷ ಅದರ ಪಾತ್ರಗಳೊಡನೆ ಬಾಳಿದ ಪ್ರೇಕ್ಷಕರಿಗೆ ಅಂತಿಮ ಕಂತಿನಲ್ಲಿ ಸಿಕ್ಕಿದ್ದು, ಹಿಂದಿನ ಬೇರೊಂದು ಸರಣಿಯ ಅಧಿಕಾರಿ ಯಂತ್ರದಲ್ಲಿ ಹಾಕಿಕೊಂಡು ನೋಡುವ ಹಳೆಯ ದಾಖಲೆಯಂತೆ ತೋರಿಸಿದ ಕಥೆ. ಮಗಳ ಮದುವೆಯ ಚಪ್ಪರದಲ್ಲಿ ಮನೆಯವರನ್ನು ಹಿಂದಕ್ಕೆ ಸರಿಸಿ ಬೀಗರ ನೆಂಟರು ಮುಂದೆ ನಿಂತು ಉಪಚಾರ ಸ್ವೀಕರಿಸಿದಂತಾಯಿತು.

ಈಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ಮಗ ಒಮ್ಮೆ ರಜೆಗೆ ಬಂದಾಗ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಎಂಬ ಧಾರಾವಾಹಿಯ ಡಿ.ವಿ.ಡಿ.ಗಳನ್ನು ತಂದಿದ್ದ. 2003ರ ಡಿಸೆಂಬರಿನಲ್ಲಿ ಕಿರುಸರಣಿಯಾಗಿ ಹುಟ್ಟಿ 2009ರ ಮಾರ್ಚ್‌ನಲ್ಲಿ ಮುಗಿದ ಕಥೆ ಅದು. ಮನುಷ್ಯರೇ ನಿರ್ಮಿಸಿದ ಯಂತ್ರಮಾನವರು ಅವರ ಹನ್ನೆರಡು ಲೋಕಗಳನ್ನು ಒಂದೇ ದಿನದಲ್ಲಿ ಸುಟ್ಟುಬಿಡುತ್ತಾರೆ. ಉಳಿದ ಐವತ್ತು ಸಾವಿರ ಜನ ನೌಕೆಗಳಲ್ಲಿ ನೆಲೆ ಹುಡುಕುತ್ತ ಹೊರಡುತ್ತಾರೆ. ಅವರ ಅಧ್ಯಕ್ಷೆ ಲಾರಾ ರಾಸ್ಲಿನ್ ಮೊದಲು ಶಿಕ್ಷಣ ಮಂತ್ರಿಯಾಗಿದ್ದವಳು, ಕ್ಯಾನ್ಸರ್ ಪೀಡಿತೆ. ಬದುಕುಳಿದವರ ಸಂಖ್ಯೆಯನ್ನು ಫಲಕದ ಮೇಲೆ ಬರೆದಿಟ್ಟುಕೊಂಡು, ಸತ್ತಂತೆ ಕಳೆಯುತ್ತಾಳೆ. ಒಂದು ಕಂತಿನ ಕೊನೆಗೆ ಯಾವುದೋ ನೌಕೆಯಲ್ಲಿ ಮಗುವೊಂದು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಸಂಖ್ಯೆಯನ್ನು ಅಳಿಸಿ ಒಂದು ಕೂಡಿಸುತ್ತಾಳೆ. ಮುಂದೆ ಅನೇಕ ಕಂತುಗಳ ಶೀರ್ಷಿಕೆಯೊಡನೆಯೇ ಆ ಲೆಕ್ಕ ತೆರೆಯ ಮೇಲೆ ಬರುತ್ತದೆ.

ನನ್ನ ಅಣ್ಣ ಜೀವನವಿಡೀ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅವನಿಗೂ ಆಗ ಅದೇ ಕಾಯಿಲೆ. ಚಿಕಿತ್ಸೆಗೆಂದು ಧಾರವಾಡದ ನಮ್ಮ ಮನೆಯಲ್ಲಿಯೇ ಉಳಿದುಕೊಂಡಿದ್ದ. ಸಂಜೆ ಇಬ್ಬರೂ ಕುಳಿತು ನೋಡುತ್ತಿದ್ದೆವು. ಇಂಗ್ಲಿಷ್ ಮಾತು ಬಿರುಸಾದಲ್ಲಿ ನಾನು ನಿಲ್ಲಿಸಿ ಅರ್ಥ ಹೇಳುತ್ತಿದ್ದೆ. ಯಂತ್ರ, ಯುದ್ಧ ಅವನಿಗೆ ಬೇಕಿರಲಿಲ್ಲ. ಸಂಖ್ಯೆ ಬಂದೊಡನೆ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದ, ಹಿಂದಿನದರಿಂದ ಕಳೆದು ಎಷ್ಟು ಜನ ಹೋದರೆಂದು ಪಕ್ಕದಲ್ಲಿ ಗುರುತು ಮಾಡುತ್ತಿದ್ದ. ಕೊನೆಯ ಎರಡು ಡಿ.ವಿ.ಡಿ.ಗಳು ಉಳಿದಿರುವಾಗ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. "ನೀ ನೋಡಿ ಬಂದು ಹೇಳು" ಎಂದು ಕಳಿಸಿದ.

ನೋಡಿದೆ. ಅನೇಕ ಕಂತುಗಳ ಆರಂಭದಲ್ಲಿ ಯಂತ್ರಮಾನವರಿಗೊಂದು ಯೋಜನೆಯಿದೆಯೆಂದು ವರ್ಷಗಟ್ಟಲೆ ಸಾರಿದ್ದರಲ್ಲ, ಆ ಯೋಜನೆ ಏನೆಂಬುದು ಧಾರಾವಾಹಿ ಮುಗಿದರೂ ತಿಳಿಯಲಿಲ್ಲ. ಅಂತಹದೊಂದು ಯೋಜನೆ ತಮ್ಮ ಮನಸ್ಸಿನಲ್ಲಿಯೂ ಇರಲಿಲ್ಲವೆಂದು ಮುಖ್ಯ ಲೇಖಕ ರೊನಾಲ್ಡ್ ಮೂರ್ ಮುಂದೆ ಹೇಳಿಕೊಂಡರು. ಸತ್ತು ಮರಳಿ ಬಂದ ನಾಯಕಿಯೊಬ್ಬಳು ಮಾತನಾಡುತ್ತಿದ್ದಂತೆಯೇ ಬಯಲಿನಲ್ಲಿ ಮಾಯವಾದಳು; ಆಕೆ ಏನಾಗಿದ್ದಳೆಂದು ಯಾರೂ ಹೇಳಲಿಲ್ಲ. ಕೊನೆಗೆ ಉಳಿದವರು ಒಂದೂವರೆ ಲಕ್ಷ ವರ್ಷಗಳ ಹಿಂದಿನ ನಮ್ಮ ಭೂಮಿಗೇ ಬಂದಿಳಿದು, ತಮ್ಮ ನೌಕೆಗಳನ್ನೆಲ್ಲ ಸೂರ್ಯನೊಳಕ್ಕೆ ಕಳುಹಿಸಿ, ಬರಿಗೈಯಲ್ಲಿ ಚದುರಿ ಹೋದರು.

ಮರುದಿನ ಅಣ್ಣನ ಹಾಸಿಗೆಯ ಪಕ್ಕದಲ್ಲಿ ಕುಳಿತು ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಕೇಳಿ ಮುಗಿಸಿದವನು ಕೈಗೆ ಚುಚ್ಚಿದ್ದ ಸೂಜಿಯ ಕಡೆ ನೋಡಿ, "ಗುಳಿಗಿ ಡಬ್ಬೀನೂ ಒಗದ್ರೇನು?" ಎಂದ. ಆ ಕಥೆಯ ಅತಿ ದೊಡ್ಡ ಬಿರುಕನ್ನು ಅವನಷ್ಟು ನೇರವಾಗಿ ಬೇರೆ ಯಾರೂ ತೋರಿಸಿದ್ದನ್ನು ನಾನರಿಯೆ. ಅಷ್ಟು ಸಾವಿರ ಜನರಲ್ಲಿ ಕಾಯಿಲೆಯವರು, ಬಸುರಿಯರು, ಹಸುಗೂಸಿನ ತಾಯಂದಿರು ಇದ್ದಿರಲೇಬೇಕು. ಅವರೆಲ್ಲರೂ ಒಬ್ಬರೂ ತಕರಾರು ಮಾಡದೆ ಔಷಧವನ್ನು ತೊರೆಯಲು ಒಪ್ಪಿದರೆಂಬುದನ್ನು ಹೇಗೆ ನಂಬುವುದು? ನನ್ನಲ್ಲಿ ಉತ್ತರವಿರಲಿಲ್ಲ. ಅವನು ಕೊನೆಯ ಸಂಖ್ಯೆ ಕೇಳಿದ. ಸುಮಾರು ಮೂವತ್ತೆಂಟು ಸಾವಿರ ಎಂದೆ. ಬುಕ್ಕಿನಲ್ಲಿ ನನ್ನಿಂದಲೇ ಬರೆಸಿ, "ತಮ್ಮಾ, ಬೇರೀಜು ಬರೋಬ್ಬರಿ ಐತಿ. ಕೆಳಗಿನ ಷರಾ ಮಾತ್ರ ಮತ್ತ್ಯಾರೋ ಬರದಂಗ ಕಾಣಸ್ತೈತಿ" ಎಂದು ನಕ್ಕ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದ: "ಆಕಿ ನೆಲಾ ನೋಡಿದಳೇನು?" ಅಧ್ಯಕ್ಷೆಯ ಮಾತು ಅದು. ನೋಡಿದಳು ಎಂದೆ. ಹುಲ್ಲುಗಾವಲು, ಅದರ ಮೇಲೆ ಓಡುವ ಪ್ರಾಣಿಗಳ ಹಿಂಡು, ಎಲ್ಲವನ್ನೂ ಕಣ್ತುಂಬ ನೋಡಿ, ಹಾರುವ ನೌಕೆಯಲ್ಲಿಯೇ ಕಣ್ಣು ಮುಚ್ಚಿದಳು ಎಂದೆ. "ಹಂಗಾದ್ರ ಸಾಕು" ಎಂದ. ಅದಾದ ಒಂಬತ್ತನೆಯ ದಿನ ಅಣ್ಣ ತೀರಿಕೊಂಡ.

ಮುಕ್ತಾಯವನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬುದನ್ನು ನಾನು ಅಣ್ಣನ ಆ ಎರಡು ಪ್ರಶ್ನೆಗಳಿಂದ ಕಲಿತೆ. ಕಥೆ ಎಲ್ಲ ಒಗಟುಗಳನ್ನೂ ಬಿಡಿಸಬೇಕೆಂದು ಅವನು ಬಯಸಲಿಲ್ಲ. ಒಂದೊಂದು ಜೀವವೂ ಲೆಕ್ಕಕ್ಕಿದೆಯೆಂದು ಆ ಕಥೆಯೇ ಅವನಿಗೆ ಕಲಿಸಿತ್ತು. ಕೊನೆಗೆ ಮೂವತ್ತೆಂಟು ಸಾವಿರ ಜೀವಗಳನ್ನು ಔಷಧವಿಲ್ಲದೆ ಕಾಡಿಗಟ್ಟಿದಾಗ ಅದು ತಾನು ಕಲಿಸಿದ್ದನ್ನು ತಾನೇ ಮರೆಯಿತು. ಕಾಯಿಲೆಯ ಹೆಂಗಸೊಬ್ಬಳಿಗೆ ನೆಲ ತೋರಿಸುವೆನೆಂದು ಕೊಟ್ಟ ಮಾತನ್ನು ಉಳಿಸಿಕೊಂಡಾಗ ಅದು ತನ್ನ ಋಣವನ್ನು ತೀರಿಸಿತು. ಎರಡೂ ಒಂದೇ ಕಂತಿನಲ್ಲಿ ನಡೆದವು.

ಕೆಲವೊಮ್ಮೆ ಮುಗಿಸುವ ಅವಕಾಶವನ್ನೇ ಹೇಳುವವನಿಗೆ ಕೊಡುವುದಿಲ್ಲ. 'ಕ್ವಾಂಟಮ್ ಲೀಪ್' ಎಂಬ ಧಾರಾವಾಹಿಯಲ್ಲಿ ಸ್ಯಾಮ್ ಬೆಕೆಟ್ ಎಂಬ ವಿಜ್ಞಾನಿ ಕಾಲದಲ್ಲಿ ಜಿಗಿಯುತ್ತ, ಅನ್ಯರ ಬದುಕಿನ ಕೇಡುಗಳನ್ನು ಸರಿಪಡಿಸುತ್ತ, ಮುಂದಿನ ಜಿಗಿತ ತನ್ನನ್ನು ಮನೆಗೆ ಮುಟ್ಟಿಸೀತೆಂದು ಹಂಬಲಿಸುತ್ತಾನೆ. ಐದನೆಯ ಸರಣಿಯ ಕೊನೆಯ ಕಂತನ್ನು ಮುಂದೆ ಅವಕಾಶ ಸಿಕ್ಕೀತೇ ಇಲ್ಲವೇ ಎಂದು ತಿಳಿಯದೆಯೇ ತಯಾರಿಸಲಾಗಿತ್ತು. 1993ರ ಮೇ ತಿಂಗಳಲ್ಲಿ ಅದು ಪ್ರಸಾರವಾದಾಗ, ಅವನೆಂದೂ ಮನೆಗೆ ಮರಳಲಿಲ್ಲವೆಂಬ ಒಂದೇ ಸಾಲು ತೆರೆಯ ಮೇಲೆ ಮೂಡಿ ಕಥೆ ಮುಗಿಯಿತು. ಆ ಅವಸರದ ಸಾಲಿನಲ್ಲಿ ಅವನ ಹೆಸರಿನ ಕಾಗುಣಿತವೂ ತಪ್ಪಾಗಿತ್ತು! ಆದರೂ ಅದಕ್ಕೆ ಮುಂಚೆ ಅವನು ಮಾಡುವ ಕೊನೆಯ ಕೆಲಸ, ಯುದ್ಧದಲ್ಲಿ ಸೆರೆಸಿಕ್ಕ ಗೆಳೆಯನ ಹೆಂಡತಿಯ ಬಳಿಗೆ ಹೋಗಿ, ನಿನ್ನ ಗಂಡ ಬದುಕಿದ್ದಾನೆ, ಬರುತ್ತಾನೆ ಎಂದು ಹೇಳುವುದು. ಪರರ ಮನೆ ಉಳಿಸುವುದೇ ತನ್ನ ಕಾಯಕವೆಂದು ನಂಬಿದವನ ನಡತೆಗೆ ಇದು ತಕ್ಕುದಾಗಿತ್ತು. ತಪ್ಪು ಅಕ್ಷರದ ಆ ಸಾಲನ್ನು ಕಂಡು ನೋಡುಗರು ಅತ್ತದ್ದು ಅದಕ್ಕಾಗಿ.

ಇನ್ನು ಮಾತು ಉಳಿಸಿಕೊಂಡವರ ಒಂದು ನಿದರ್ಶನ. 'ಬ್ಯಾಬಿಲಾನ್ 5' ಧಾರಾವಾಹಿಯನ್ನು ಜೆ. ಮೈಕೆಲ್ ಸ್ಟ್ರಜಿನ್ಸ್ಕಿ ಎಂಬ ಲೇಖಕರು ಐದು ವರ್ಷದ ಒಂದೇ ಕಥೆಯೆಂದು ಮೊದಲೇ ಯೋಚಿಸಿಕೊಂಡು ಆರಂಭಿಸಿದರು. ಅದರ 110 ಕಂತುಗಳಲ್ಲಿ 92ನ್ನು ಅವರೊಬ್ಬರೇ ಬರೆದರು. ಆದರೆ 1994ರ ಮೊದಲ ಸರಣಿ ಮುಗಿಯುತ್ತಿದ್ದಂತೆ ನಾಯಕನ ಪಾತ್ರಧಾರಿ ಮೈಕೆಲ್ ಓಹೇರ್ ಹೊರನಡೆದರು. ಕಾರಣವನ್ನು ಲೇಖಕರು ಬಹುಕಾಲ ಹೊರಗೆಡಹಲಿಲ್ಲ. 2012ರಲ್ಲಿ ಓಹೇರ್ ತೀರಿಕೊಂಡ ಮೇಲೆ, ಮರುವರ್ಷ, ಅವರು ತೀವ್ರ ಮಾನಸಿಕ ಅಸ್ವಾಸ್ಥ್ಯದಿಂದ ನರಳುತ್ತಿದ್ದರೆಂದು ತಿಳಿಸಿದರು. ಚಿತ್ರೀಕರಣವನ್ನೇ ನಿಲ್ಲಿಸುವೆನೆಂದು ಲೇಖಕರು ಹೇಳಿದರೂ, ಇತರರ ಅನ್ನಕ್ಕೆ ಸಂಚಕಾರ ಬಾರದಿರಲೆಂದು ಓಹೇರ್ ಒಪ್ಪದೆ ಸರಣಿಯನ್ನು ಮುಗಿಸಿಕೊಟ್ಟಿದ್ದರು. ನಾಯಕನಿಲ್ಲದೆ ಕಥೆಯಲ್ಲಿ ಬಿದ್ದ ಕಂದರ ಸಣ್ಣದಾಗಿರಲಿಲ್ಲ. 1996ರಲ್ಲಿ ಅವರು ಎರಡು ಕಂತುಗಳಿಗೆ ಮರಳಿ ಬಂದರು. ಮೊದಲ ವರ್ಷ ಬಿಟ್ಟುಹೋಗಿದ್ದ ಒಗಟುಗಳು ಅಲ್ಲಿ ಬಿಡಿಸಿಕೊಂಡು, ಆ ಪಾತ್ರಕ್ಕೆ ಘನವಾದ ಕೊನೆ ದೊರೆಯಿತು. ಐದನೆಯ ವರ್ಷ ಸಿಗುವುದೋ ಇಲ್ಲವೋ ಎಂಬ ಅಳುಕಿನಿಂದ ನಾಲ್ಕನೆಯ ವರ್ಷವೇ ಅಂತಿಮ ಕಂತನ್ನು ಚಿತ್ರೀಕರಿಸಿ ತೆಗೆದಿರಿಸಿದ್ದರು. ಅದು 1998ರ ನವೆಂಬರಿನಲ್ಲಿ ಪ್ರಸಾರವಾಯಿತು. ಅದರಲ್ಲಿ ಬಾಹ್ಯಾಕಾಶದ ಆ ನಿಲ್ದಾಣದ ದೀಪಗಳನ್ನು ಕೊನೆಯ ಬಾರಿಗೆ ಆರಿಸಿ ಹೊರಡುವ ಕೆಲಸಗಾರನಾಗಿ ಕಾಣಿಸಿಕೊಳ್ಳುವವರು ಸ್ವತಃ ಸ್ಟ್ರಜಿನ್ಸ್ಕಿ.

ನಮ್ಮ ಮನೆಯ ಮಕ್ಕಳು ಇಂತಹ ಕಥೆಗಳನ್ನು ನೋಡುತ್ತ, ಇದು ಹೀಗೇಕಾಯಿತು, ಆಗ ಹಾಗೆ ಹೇಳಿದ್ದರಲ್ಲ ಎಂದು ಕೇಳಿದಾಗ, ಕಟ್ಟುಕಥೆಗೆ ಕಾಲೆಲ್ಲಿ ಎಂದು ನಾವು ತಳ್ಳಿಹಾಕುವುದುಂಟು. ಹಾಗೆ ಮಾಡಬಾರದು. ಹೇಳಿದ ಮಾತಿಗೂ ನಡೆದುಕೊಂಡ ರೀತಿಗೂ ಹೊಂದಿಕೆಯಿದೆಯೇ ಎಂದು ಒರೆಗೆ ಹಚ್ಚುವ ಬುದ್ಧಿ ಅದು. ಇಂದು ಧಾರಾವಾಹಿಯ ಲೇಖಕನನ್ನು ಕೇಳಿದ ಮಗು ನಾಳೆ ಮತ ಕೇಳಲು ಬಂದವರನ್ನೂ, ಸರಕು ಮಾರಲು ಬಂದವರನ್ನೂ, ಕೆಲವೊಮ್ಮೆ ಮನೆಯ ಹಿರಿಯರಾದ ನಮ್ಮನ್ನೂ ಅದೇ ಪ್ರಶ್ನೆ ಕೇಳೀತು, ಕೇಳಬೇಕು. ಜೊತೆಗೇ, ಬಡತನದಿಂದಲೋ ಕಾಯಿಲೆಯಿಂದಲೋ ಅವಕಾಶ ತಪ್ಪಿದ್ದರಿಂದಲೋ ಬಿದ್ದ ಬಿರುಕನ್ನು, ಉದಾಸೀನದಿಂದ ಬಿದ್ದ ಬಿರುಕಿನಿಂದ ಬೇರ್ಪಡಿಸಿ ನೋಡುವ ಕರುಣೆಯನ್ನೂ ಅವರಿಗೆ ಕಲಿಸೋಣ.

ಮಗ ಈಗಲೂ 'ಲಾಸ್ಟ್'ನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾನೆ. ಆ ಆರು ವರ್ಷ ವ್ಯರ್ಥವಾಯಿತೇ ಎಂದು ಕಳೆದ ಸಲ ಬಂದಾಗ ಕೇಳಿದೆ. "ಹಾಗೇನಿಲ್ಲಪ್ಪಾ, ಪ್ರತಿ ಭಾನುವಾರ ನಿಮ್ಮೊಡನೆ ಅಷ್ಟು ಹೊತ್ತು ಮಾತನಾಡುವುದಕ್ಕೆ ಇನ್ನೇನು ನೆಪವಿತ್ತು?" ಎಂದ. ಕಥೆ ಹೇಳಿದವರು ನಮ್ಮ ಋಣ ತೀರಿಸಲಿ, ಬಿಡಲಿ. ಕೂಡಿ ಕುಳಿತು ಕೇಳಿದವರು ಪರಸ್ಪರ ಕೊಟ್ಟುಕೊಂಡ ಹೊತ್ತು ಮನೆಯಲ್ಲಿಯೇ ಉಳಿದಿರುತ್ತದೆ.